ಡಬ್ಬಿ ಕೊಳ್ಳುವ ಮುಂಚೆ ಮೂರು ಪ್ರಶ್ನೆ

ನವೆಂಬರ್ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಶಾಲೆ ಮುಗಿಸಿ ಜಿಮ್ಮಿಗೆ ಹೋದರೆ ಪಕ್ಕದವನ ಕೈಯಲ್ಲಿ ಶೇಕರ್. ಫೋನು ತೆರೆದರೆ ಯಾರೋ ದಪ್ಪ ತೋಳಿನವರು ಪುಡಿ ಮಾರುತ್ತಿರುತ್ತಾರೆ. ಮನೆಗೆ ಬಂದರೆ ವಿಡಿಯೊ ಕರೆಯಲ್ಲಿ ಅಜ್ಜಿ, "ಎಷ್ಟು ಸೊರಗಿ ಹೋಗಿದ್ದೀಯೋ!" ಅನ್ನುತ್ತಾರೆ. ಒಂದು ಡಬ್ಬಿ ತಂದುಬಿಡೋಣವೇ ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ತರಬೇಡಿ ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ಕೆಲವರಿಗೆ ಅದು ನಿಜಕ್ಕೂ ಬೇಕು. ಆದರೆ ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ನನಗೆ ಕಡಿಮೆ ಇರುವುದು ಏನು? ಅದು ಊಟದಲ್ಲೇ ಸಿಗುತ್ತದೆಯೇ? ಡಬ್ಬಿಯ ಮೇಲೆ ಬರೆದದ್ದೇ ಡಬ್ಬಿಯ ಒಳಗಿದೆಯೇ?

ಮೊದಲ ಪ್ರಶ್ನೆ. ಸ್ವೀಡನ್ನಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇದರ ಉತ್ತರ ಹೆಚ್ಚಾಗಿ ಶುರುವಾಗುವುದು ಬಿಸಿಲಿನಿಂದ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ, ಸ್ಟಾಕ್‌ಹೋಮ್ 59 ಡಿಗ್ರಿ. ಚಳಿಗಾಲದಲ್ಲಿ ಇಲ್ಲಿನ ಸೂರ್ಯ ಎಷ್ಟು ಕೆಳಗಿರುತ್ತಾನೆಂದರೆ, ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ನೆಲ ಮುಟ್ಟುವುದೇ ಇಲ್ಲ. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು. ಊರಿನ ಬಿಸಿಲಿಗೆ ಅದು ಕೊಡೆಯಿದ್ದಂತೆ. ಇಲ್ಲಿ ಆ ಕೊಡೆ ಬೇಸಿಗೆಯಲ್ಲಿಯೂ ಬಿಚ್ಚಿಕೊಂಡೇ ಇರುತ್ತದೆ. ಹಾಗಾಗಿ ಅದೇ ಪಾರ್ಕಿನಲ್ಲಿ ಕೂತ ನಿಮ್ಮ ಸ್ವೀಡಿಷ್ ಗೆಳತಿಗಿಂತ ನಿಮಗೆ ಹೆಚ್ಚು ಹೊತ್ತು ಬಿಸಿಲು ಬೇಕು.

ಇದು ಬರೀ ಊಹೆಯಲ್ಲ. ಉಮೆಯೊ ಮತ್ತು ಮಾಲ್ಮೊ ಊರುಗಳ 5ರಿಂದ 7 ವರ್ಷದ ಮಕ್ಕಳ ಮೇಲೆ ಚಳಿಗಾಲದಲ್ಲಿ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಸಾಕಷ್ಟು ವಿಟಮಿನ್ ಡಿ ಉಳಿಯಲು ಬಿಳಿ ಚರ್ಮದ ಮಕ್ಕಳಿಗೆ ದಿನಕ್ಕೆ 20 ಮೈಕ್ರೊಗ್ರಾಂ ಬೇಕಾದರೆ, ಕಪ್ಪು ಚರ್ಮದ ಮಕ್ಕಳಿಗೆ 28 ಬೇಕಾಯಿತು.

ಸ್ವೀಡನ್ನಿನ ಆಹಾರ ಇಲಾಖೆ ಲಿವ್ಸ್‌ಮೆಡೆಲ್ಸ್‌ವೆರ್ಕೆಟ್ ಏನು ಹೇಳುತ್ತದೆ? ಮೀನನ್ನೂ, ವಿಟಮಿನ್ ಡಿ ಬೆರೆಸಿದ ಆಹಾರವನ್ನೂ ತಿನ್ನದವರು ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳಿ. ಅದರ ಜೊತೆಗೆ ಬಿಸಿಲೂ ಸಿಗದಿದ್ದರೆ 20 ತೆಗೆದುಕೊಳ್ಳಿ ಎನ್ನುತ್ತದೆ. 2018ರ ನಿಯಮದ ಪ್ರಕಾರ ಇಲ್ಲಿನ ಸಾಮಾನ್ಯ ಹಾಲಿಗೆ 100 ಗ್ರಾಂಗೆ ಸುಮಾರು 1 ಮೈಕ್ರೊಗ್ರಾಂ ವಿಟಮಿನ್ ಡಿ ಬೆರೆಸುತ್ತಾರೆ. ದಿನಕ್ಕೆ ಎರಡು ದೊಡ್ಡ ಲೋಟ, ಅಂದರೆ 4 ಡೆಸಿಲೀಟರ್ ಕುಡಿದರೆ 4 ಮೈಕ್ರೊಗ್ರಾಂ ಆಯಿತು. ಮೀನು ತಿನ್ನದ ಮನೆಯವರಿಗೆ ಅದಷ್ಟೇ ಸಾಲದು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಹಾಗೆಂದು ಮುಷ್ಟಿಗಟ್ಟಲೆ ನುಂಗಬೇಡಿ. ಈ ವಿಟಮಿನ್ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ಯುರೋಪಿನಲ್ಲಿ 11 ವರ್ಷ ದಾಟಿದವರಿಗೆ ಹೇಳಿರುವ ಮೇಲ್ಮಿತಿ ದಿನಕ್ಕೆ 100 ಮೈಕ್ರೊಗ್ರಾಂ.

ಎರಡನೆಯದು ಬಿ12. ಹಾಲು, ಮೊಸರು, ಮೊಟ್ಟೆ ತಿನ್ನುವವರಿಗೆ ಸಾಮಾನ್ಯವಾಗಿ ಸಿಗುತ್ತದೆ. ನೀವು ಪೂರ್ತಿ ವೀಗನ್ ಆಗಿದ್ದರೆ ಇದು ಆಯ್ಕೆಯ ಮಾತಲ್ಲ, ಮಾತ್ರೆ ಅಥವಾ ಬಿ12 ಬೆರೆಸಿದ ಆಹಾರ ಬೇಕೇ ಬೇಕು. ಮೂರನೆಯದು ಕಬ್ಬಿಣ. ಮುಟ್ಟಾಗುವ ಹುಡುಗಿಯರಲ್ಲಿ, ಅದರಲ್ಲೂ ಮಾಂಸ ತಿನ್ನದವರಲ್ಲಿ, ಇದು ಕಡಿಮೆಯಾಗುವುದು ಹೆಚ್ಚು. ಸುಸ್ತು ಎಂದ ತಕ್ಷಣ ಮಾತ್ರೆ ನುಂಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಊಟದ ಜೊತೆಗೇ ಚಹಾ ಕುಡಿಯುವ ಮನೆಯ ರೂಢಿ ಬಿಟ್ಟು, ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಮೈಗೆ ಹಿಡಿಯುವುದು ಹೆಚ್ಚುತ್ತದೆ.

ಈಗ ಜಿಮ್ಮಿನ ವಿಷಯ. ಪ್ರೋಟೀನ್ ಎಷ್ಟು ಬೇಕು? ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಗಂಭೀರವಾಗಿ ತರಬೇತಿ ಮಾಡುವವರಿಗೆ ಕಿಲೋಗೆ 1.2ರಿಂದ 2 ಗ್ರಾಂವರೆಗೆ. ಇದನ್ನು ತಟ್ಟೆಯಲ್ಲಿ ಎಣಿಸೋಣ. 50 ಗ್ರಾಂ ತೊಗರಿಬೇಳೆಯ ಸಾರು, ಸುಮಾರು 11 ಗ್ರಾಂ. ಎರಡು ಮೊಟ್ಟೆ, 12. ನಾಲ್ಕು ಡೆಸಿಲೀಟರ್ ಹಾಲು, 14. ಅಂಗಡಿಯ ಸಾದಾ ಕ್ವಾರ್ಗ್ 200 ಗ್ರಾಂ, 20ಕ್ಕೂ ಹೆಚ್ಚು. ಒಟ್ಟು 57 ದಾಟಿತು. ಅನ್ನ, ಚಪಾತಿ, ಶಾಲೆಯ ಊಟ ಇನ್ನೂ ಎಣಿಸಿಲ್ಲ. ಒಂದು ಚಮಚ ವೇ ಪುಡಿಯಲ್ಲಿರುವುದು ಆ ಕ್ವಾರ್ಗಿನಷ್ಟೇ ಪ್ರೋಟೀನು. ಪುಡಿ ವಿಷವೂ ಅಲ್ಲ, ಅಮೃತವೂ ಅಲ್ಲ, ಅದು ಹಾಲಿನ ಒಂದು ಭಾಗ. ಓಡುತ್ತಾ ಕುಡಿಯಬಹುದು ಎಂಬ ಅನುಕೂಲಕ್ಕೆ ನೀವು ದುಡ್ಡು ಕೊಡುತ್ತೀರಿ. ನಮ್ಮೂರಲ್ಲಿ ರಾಗಿ ಹುರಿಹಿಟ್ಟನ್ನು ಹಾಲಿಗೆ ಕಲಸಿ ಹೊಲಕ್ಕೆ ಹೋಗುತ್ತಿದ್ದವರ ಅನುಕೂಲವೂ ಅಂಥದ್ದೇ.

ಕ್ರಿಯಾಟಿನ್ ಬಗ್ಗೆ ಸಾಕಷ್ಟು ಪುರಾವೆ ಇದೆ: ದಿನಕ್ಕೆ 3 ಗ್ರಾಂ ತೆಗೆದುಕೊಂಡರೆ ಮತ್ತೆ ಮತ್ತೆ ಮಾಡುವ ಚಿಕ್ಕ, ಜೋರಾದ ವ್ಯಾಯಾಮದಲ್ಲಿ ಸ್ವಲ್ಪ ಶಕ್ತಿ ಹೆಚ್ಚುತ್ತದೆ. ಮೊದಲ ವಾರಗಳಲ್ಲಿ ಏರುವ ತೂಕದಲ್ಲಿ ನೀರೇ ಹೆಚ್ಚು. 18 ತುಂಬದವರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಕೆಫೀನ್. ಹದಿಹರೆಯದವರಿಗೆ ದಿನಕ್ಕೆ ಕಿಲೋಗೆ 3 ಮಿಲಿಗ್ರಾಂ ಮಿತಿ, ಅಂದರೆ 60 ಕಿಲೋ ಇದ್ದರೆ 180. ಕೆಲವು ಪುಡಿಗಳ ಒಂದೇ ಚಮಚ ಅದನ್ನು ದಾಟುತ್ತದೆ.

ಮೂರನೆಯ ಪ್ರಶ್ನೆಗೆ ಬರೋಣ. ಇಲ್ಲಿ ಕೊಸ್ಟ್‌ಟಿಲ್‌ಸ್ಕೊಟ್ ಅಂದರೆ ಕಾನೂನಿನ ಕಣ್ಣಲ್ಲಿ ಆಹಾರ, ಔಷಧಿಯಲ್ಲ. ಔಷಧಿಯಂತೆ ಮಾರಾಟಕ್ಕೆ ಮುಂಚೆ ಯಾರೂ ಪರೀಕ್ಷೆ ಮಾಡಿ ಅನುಮತಿ ಕೊಡುವುದಿಲ್ಲ. ಹೊಣೆ ಕಂಪನಿಯದು, ತಪಾಸಣೆ ಆಮೇಲೆ. ಜರ್ಮನಿಯ ಕೊಲೋನ್‌ನ ಪ್ರಯೋಗಾಲಯವೊಂದು 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ 94ರಲ್ಲಿ ಚೀಟಿಯಲ್ಲಿ ಬರೆಯದ ಸ್ಟೆರಾಯ್ಡ್ ಅಂಶ ಸಿಕ್ಕಿತು. ನೀವು ಯಾವುದಾದರೂ ಕ್ಲಬ್ಬಿಗೆ ಇನ್ನೆಬಾಂಡಿಯೋ ಫುಟ್‌ಬಾಲೋ ಆಡುತ್ತಿದ್ದರೆ, "ನನಗೆ ಗೊತ್ತಿರಲಿಲ್ಲ" ಎಂದರೆ ಡೋಪಿಂಗ್ ನಿಯಮ ಒಪ್ಪುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ನೀವೇ ಹೊಣೆ. ಇನ್ನೊಂದು ಮಾತು ನೆನಪಿಡಿ: ಸ್ವೀಡನ್ನಿನಲ್ಲಿ ಅನಬೋಲಿಕ್ ಸ್ಟೆರಾಯ್ಡ್ ಮಾರುವುದು ಮಾತ್ರವಲ್ಲ, 1999ರಿಂದ ಬಳಸುವುದೂ ಅಪರಾಧ. ಕ್ರೀಡಾಪಟುವಲ್ಲದಿದ್ದರೂ ಅಷ್ಟೇ.

"ಇದು ಗಿಡಮೂಲಿಕೆ, ಏನೂ ಆಗಲ್ಲ" ಎಂಬ ಮಾತಿಗೂ ಇದೇ ಅಳತೆ ಹಿಡಿಯಿರಿ. ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ಅಶ್ವಗಂಧವನ್ನು ಸೇತುವೆಯಾಚೆಯ ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲೆ ಅದು ಪರಿಣಾಮ ಬೀರಬಹುದು ಎಂಬುದು ಅವರ ಆತಂಕ. ಇದನ್ನು ಕೊಟ್ಟ ಅತ್ತೆಯ ಪ್ರೀತಿಯ ಮೇಲೆ ಅನುಮಾನ ಬೇಡ. ಆದರೆ ನೀವು ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳದೆ ಬಾಯಿಗೆ ಹಾಕಬೇಡಿ.

ಹಾಗಾದರೆ ಏನು ಮಾಡಬೇಕು? ಒಂದು ವಾರ ತಿಂದದ್ದನ್ನೆಲ್ಲ ಬರೆಯಿರಿ. ಆ ಚೀಟಿ ಹಿಡಿದು ಶಾಲೆಯ ನರ್ಸ್ ಹತ್ತಿರ ಅಥವಾ ವೋರ್ಡ್‌ಸೆಂಟ್ರಾಲ್‌ಗೆ ಹೋಗಿ, ಇಲ್ಲವೇ 1177ಕ್ಕೆ ಫೋನು ಮಾಡಿ. ಸ್ಟೆರಾಯ್ಡ್ ವಿಷಯದಲ್ಲಿ ನಿಮಗೋ ಗೆಳೆಯನಿಗೋ ತೊಂದರೆಯಾಗಿದ್ದರೆ, ಹೆಸರು ಹೇಳದೆ ಮಾತಾಡಲು ಡೋಪಿಂಗ್‌ಜೋರೆನ್ ಎಂಬ ಸಹಾಯವಾಣಿ 1993ರಿಂದ ಇದೆ.

ಕೊನೆಗೊಂದು ಮಾತು. ರಕ್ತ ಪರೀಕ್ಷೆ ಎಲ್ಲ ಸರಿಯಿದೆ ಎಂದರೂ ಮತ್ತೊಂದು ಡಬ್ಬಿ ಬೇಕೆನಿಸುತ್ತಿದ್ದರೆ, ಕನ್ನಡಿ ಮುಂದೆ ನಿಂತಾಗಲೆಲ್ಲ ಬೇಸರವಾಗುತ್ತಿದ್ದರೆ, ಕಡಿಮೆ ಇರುವುದು ಪ್ರೋಟೀನ್ ಅಲ್ಲ. ಅದನ್ನು ಅಪ್ಪನಿಗೋ ಅಮ್ಮನಿಗೋ ನಂಬಿಕೆಯ ಒಬ್ಬರಿಗೋ ಹೇಳಿ. ಕನ್ನಡದಲ್ಲಿ ಹೇಳಲು ಪದ ಸಿಗದಿದ್ದರೆ ಸ್ವೀಡಿಷ್‌ನಲ್ಲೇ ಹೇಳಿ, ಅವರಿಗೆ ಅರ್ಥವಾಗುತ್ತದೆ.