ಎರಡನೇ ಸಲ ಓಡಿಸಿದಾಗ ಫಾಸ್ಟ್ ಆಗಿತ್ತು

ಪುಣೆಯ ಶನಿವಾರದ ಟ್ರಾಫಿಕ್ ದಾಟಿ ಬಂದಿದ್ದೀರಿ, ಹೈದರಾಬಾದ್, ಚೆನ್ನೈನಿಂದ ಆನ್‌ಲೈನ್ ಸೇರಿದವರೂ ಇದ್ದೀರಿ. ನೇರವಾಗಿ ವಿಷಯಕ್ಕೆ ಬರ್ತೀನಿ. ಇವತ್ತು ಹೇಳೋದು ನಾನೇ ಮಾಡಿದ ಒಂದು ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ ನಮ್ಮ ಟೀಮಿನ ಒಂದು ರಿಪೋರ್ಟ್ ತುಂಬಾ ನಿಧಾನ ಇತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್, ಆರ್ಡರ್‌ಗಳ ಟೇಬಲ್ ಸುಮಾರು 6 ಜಿಬಿ. ಟೆಸ್ಟ್ ಸರ್ವರ್‌ನಲ್ಲಿ ಕ್ವೆರಿ ಓಡಿಸಿದೆ: 41 ಸೆಕೆಂಡ್. ತಾರೀಖಿನ ಕಾಲಂ ಮೇಲೆ ಇಂಡೆಕ್ಸ್ ಹಾಕಿ ಮತ್ತೆ ಓಡಿಸಿದೆ: 3 ಸೆಕೆಂಡ್. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ, ಶಹಬ್ಬಾಸ್ ಅನ್ನಿಸಿಕೊಂಡೆ. ಎಂಟೆಕ್ ಮಾಡಿದವನು ಬೇರೆ, ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಪ್ರೊಡಕ್ಷನ್‌ಗೆ ಹೋಯ್ತು. ಬೆಳಿಗ್ಗೆ ಒಂಬತ್ತಕ್ಕೆ ರಿಪೋರ್ಟ್ ತೆಗೆದವರಿಗೆ ಮತ್ತೆ ಅದೇ ನಿಧಾನ. ಡೇಟಾಬೇಸ್ ನಾನು ಆಗಲೇ ಸರಿಮಾಡಿದ್ದೀನಲ್ಲ, ಹಾಗಾಗಿ ತಪ್ಪು ಅಪ್ಲಿಕೇಶನ್ ಕೋಡಿನದ್ದೇ ಅಂತ ಮೀಟಿಂಗ್‌ನಲ್ಲಿ ತೀರ್ಮಾನ ಆಯ್ತು. ಆ ಕೋಡ್ ಬರೆದಿದ್ದು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. ಎರಡು ವಾರ ರಾತ್ರಿ ಕೂತು, ಇಲ್ಲದ ತಪ್ಪನ್ನ ತನ್ನ ಕೋಡಿನಲ್ಲಿ ಹುಡುಕಿದಳು. ಕೊನೆಗೆ ಅವಳೇ ಬಂದು ಕೇಳಿದಳು: "ಸರ್, ಪ್ಲಾನ್‌ನಲ್ಲಿ ನಿಮ್ಮ ಇಂಡೆಕ್ಸ್ ಹೆಸರೇ ಕಾಣ್ತಿಲ್ವಲ್ಲ?"

ನಿಜ, ಇರಲಿಲ್ಲ. ನಮ್ಮ ಕ್ವೆರಿಯಲ್ಲಿ ಆ ಕಾಲಂ ಅನ್ನು ಡೇಟ್ ಫಂಕ್ಷನ್ ಒಳಗೆ ಹಾಕಿ ಹೋಲಿಸಿದ್ದೆವು. ಬರೀ ಕಾಲಂ ಮೇಲಿನ ಇಂಡೆಕ್ಸ್ ಆ ಷರತ್ತಿಗೆ ಕೆಲಸಕ್ಕೆ ಬರಲ್ಲ. ಮೊದಲೂ ಇಡೀ ಟೇಬಲ್ ಓದುತ್ತಿತ್ತು, ಆಮೇಲೂ ಇಡೀ ಟೇಬಲ್ಲೇ.

ಹಾಗಾದ್ರೆ 41 ಹೇಗೆ 3 ಆಯ್ತು? ಲಿನಕ್ಸ್ ಡಿಸ್ಕಿನಿಂದ ಓದಿದ್ದನ್ನ ಖಾಲಿ ಇರುವ ರ‍್ಯಾಮ್‌ನಲ್ಲಿ, ಪೇಜ್ ಕ್ಯಾಶ್ ಅಂತ, ಉಳಿಸಿಕೊಳ್ಳುತ್ತೆ. ಟೆಸ್ಟ್ ಸರ್ವರ್‌ನಲ್ಲಿ 16 ಜಿಬಿ ರ‍್ಯಾಮ್, ನಮ್ಮ ಟೇಬಲ್ ಆರಾಮಾಗಿ ಹಿಡಿಸುತ್ತೆ. ಮೊದಲ ಕ್ವೆರಿಯೇ ಟೇಬಲ್ ಪೂರ್ತಿ ಒಳಗೆ ತಂದಿತ್ತು. ಇಂಡೆಕ್ಸ್ ಕಟ್ಟೋಕೂ ಪೋಸ್ಟ್‌ಗ್ರೆಸ್ ಟೇಬಲ್ ಪೂರ್ತಿ ಓದಲೇಬೇಕು, ಅದು ಇನ್ನೊಂದು ಸುತ್ತು. ಕಾವಲಿ ಕಾದಿತ್ತು, ಎರಡನೇ ದೋಸೆ ಚೆನ್ನಾಗಿ ಎದ್ದಿತು. ನಾನು ಹಿಟ್ಟು ಬದಲಿಸಿದ್ದಕ್ಕೆ ಅಂದುಕೊಂಡೆ!

ಪ್ರೊಡಕ್ಷನ್‌ನಲ್ಲಿ ಪ್ರತಿ ರಾತ್ರಿ ಬ್ಯಾಕಪ್ ನೂರಾರು ಜಿಬಿ ಓದುತ್ತೆ. ಬೆಳಗಾಗೋ ಹೊತ್ತಿಗೆ ನಮ್ಮ ಟೇಬಲ್ ಕ್ಯಾಶ್‌ನಿಂದ ಹೊರಗೆ. ಕಾವಲಿ ತಣ್ಣಗೆ.

ಈಗ ನಾನು ಎಕ್ಸ್‌ಪ್ಲೇನ್ ಅನಲೈಸ್ ಜೊತೆ ಬಫರ್ಸ್ ಆಯ್ಕೆ ಹಾಕದೆ ಯಾವ ಕ್ವೆರಿಯನ್ನೂ ಅಳೆಯಲ್ಲ. ಅದರಲ್ಲಿ ಹಿಟ್ ಅಂದ್ರೆ ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್ ಆದ ಶೇರ್ಡ್ ಬಫರ್ಸ್‌ನಲ್ಲೇ ಸಿಕ್ಕಿತು ಅಂತ. ಅದರ ಡೀಫಾಲ್ಟ್ ಗಾತ್ರ 128 ಎಂಬಿ. ರೀಡ್ ಅಂದ್ರೆ ಅಲ್ಲಿ ಸಿಗಲಿಲ್ಲ ಅಂತ ಅಷ್ಟೇ. ಡಿಸ್ಕಿನಿಂದಲೇ ಬಂತು ಅಂತ ಅಲ್ಲ, ಲಿನಕ್ಸ್ ಕ್ಯಾಶ್‌ನಿಂದಲೂ ಬಂದಿರಬಹುದು. ಇಲ್ಲಿ ಬಹಳ ಜನ ಮೋಸ ಹೋಗ್ತಾರೆ. ಆದರೆ ಎರಡನ್ನೂ ಕೂಡಿಸಿ ನೋಡಿ: 8 ಕೆಬಿ ಪೇಜಿನ ಲೆಕ್ಕದಲ್ಲಿ 6 ಜಿಬಿ ಅಂದ್ರೆ ಸುಮಾರು 7.86 ಲಕ್ಷ ಪೇಜ್. ಇಂಡೆಕ್ಸ್‌ಗೆ ಮುಂಚೆಯೂ ಅಷ್ಟೇ, ನಂತರವೂ ಅಷ್ಟೇ. ಫಂಕ್ಷನ್ ತೆಗೆದು "ಈ ದಿನದಿಂದ ಮರುದಿನದ ಒಳಗೆ" ಅಂತ ಷರತ್ತು ಬರೆದ ಮೇಲೆ ಅದು ಎರಡು ಸಾವಿರದ ಆಸುಪಾಸಿಗೆ ಇಳಿಯಿತು.

ತಣ್ಣನೆ ಕ್ಯಾಶ್ ಬೇಕಾದ್ರೆ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಸಿಂಕ್ ಕೊಟ್ಟು, ಡ್ರಾಪ್ ಕ್ಯಾಶಸ್ ಫೈಲಿಗೆ 3 ಬರೆದು, ಮತ್ತೆ ಶುರು ಮಾಡಿ. ಟೆಸ್ಟ್ ಸರ್ವರ್‌ನಲ್ಲಿ ಮಾತ್ರ, ದಯವಿಟ್ಟು! ಮೈಎಸ್‌ಕ್ಯೂಎಲ್‌ನವರೇ, ನಿಮಗೆ ಬರೀ ರೀಸ್ಟಾರ್ಟ್ ಸಾಲದು: 5.7ರಿಂದ ಇನೋಡಿಬಿ ನಿಲ್ಲುವಾಗ ಬಫರ್ ಪೂಲ್‌ನ ಪೇಜ್‌ಗಳ ಪಟ್ಟಿ ಬರೆದಿಟ್ಟು, ಏಳುವಾಗ ಅವನ್ನ ತಾನೇ ಮತ್ತೆ ತುಂಬಿಕೊಳ್ಳುತ್ತೆ.

ಹಾಗಂತ ತಣ್ಣನೆ ಸಂಖ್ಯೆಯೊಂದೇ ಸತ್ಯ ಅಲ್ಲ. ದಿನಕ್ಕೆ ಸಾವಿರಾರು ಸಲ ಓಡುವ ಕ್ವೆರಿಗೆ ಬೆಚ್ಚನೆಯದ್ದೇ ನಿಜ. ನಮ್ಮದು ಬ್ಯಾಕಪ್ ಆದ ಮೇಲೆ ದಿನಕ್ಕೊಂದು ಸಲ ಓಡುತ್ತಿತ್ತು. ಲೋಡ್ ಟೆಸ್ಟ್‌ನಲ್ಲಿ ಒಂದೇ ಗ್ರಾಹಕನ ಐಡಿಯನ್ನ ಹತ್ತು ಸಾವಿರ ಸಲ ಕೇಳೋರಿದ್ದಾರೆ. ಅವರು ಅಳೆಯೋದು ರ‍್ಯಾಮ್‌ನ.

ಶಹಬ್ಬಾಸ್ ಬಂದಿದ್ದ ಅದೇ ಗ್ರೂಪಿಗೆ, ಕೋಡಿನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನ ಟೆಸ್ಟಿನದು ಅಂತ ಬರೆದೆ. ಅಷ್ಟರಲ್ಲಿ ಆ ಹುಡುಗಿಯ ರೇಟಿಂಗ್ ಮುಗಿದು ಹೋಗಿತ್ತು. ಬದಲಿಸಿ ಅಂತ ಎರಡು ಸಲ ಕೇಳಿದೆ, ಆಗಲಿಲ್ಲ.

ಸರಿ, ಲ್ಯಾಪ್‌ಟಾಪ್ ತೆರೀರಿ. ಅದೇ ಕ್ವೆರಿಯನ್ನ ಈಗ ನಿಮ್ಮೆದುರೇ ಓಡಿಸ್ತೀನಿ, ಮೊದಲು ಕ್ಯಾಶ್ ಖಾಲಿ ಮಾಡಿ.