ರಜೆಗೆ ಬಂದ ಸಿಪಾಯಿ ಮಗ



ಈ ಸಲ ಬೀಜ ಗೊಬ್ಬರದ ಮಾತನ್ನು ಬದಿಗಿಟ್ಟು ಬೇರೊಂದು ವಿಷಯ ಹೇಳಬೇಕೆಂದಿದ್ದೇನೆ. ನಮ್ಮ ಬೆಳಗಾವಿ ಸೀಮೆಯಿಂದ ಸೈನ್ಯ ಸೇರುವ ಹುಡುಗರು ಹಿಂದಿನಿಂದಲೂ ಉಂಟು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದಲೂ ಬೆಳಗಾವಿಯಲ್ಲೇ ಇದೆ. ಹುಡುಗನನ್ನು ಹಾರ ಹಾಕಿ ಕಳಿಸುತ್ತೇವೆ. ಅವನು ರಜೆಗೆ ಬಂದಾಗ ಮಾತ್ರ ನಮಗೆ ಅವನ ಗುರುತು ಹತ್ತುವುದಿಲ್ಲ.

"ಮಗ ಕೈ ಬಿಟ್ಟು ಹೋಗ್ಯಾನ್ರಿ," ಎಂದು ಹಿರಿಯರೊಬ್ಬರು ನನ್ನ ಮುಂದೆ ನೊಂದುಕೊಂಡರು. ಬಂದ ಮರುದಿನವೇ ಬಾವಿಯ ಸುತ್ತಲ ಕೊಚ್ಚೆ ತೋರಿಸಿ ಓಣಿಯವರನ್ನು ಗದರಿದನಂತೆ. ಕೆಳಗಿನ ಕೇರಿಯ ಗೆಳೆಯನನ್ನು ಕರೆತಂದು ತನ್ನ ಪಕ್ಕದಲ್ಲೇ ತಾಟು ಹಾಕಿಸಿದನಂತೆ. ಮನೆಯವರು ಇದನ್ನು ಸೊಕ್ಕು ಎಂದರು.

ನನಗೆ ಹಾಗೆ ಕಾಣಲಿಲ್ಲ. ಹುಡುಗನೊಡನೆ ಬದುವಿನ ಮೇಲೆ ಕುಳಿತು ಮಾತನಾಡಿದೆ. ಹೋಗುವಾಗ ಅವನ ಮನಸ್ಸಿನಲ್ಲಿದ್ದದ್ದು ಸಮವಸ್ತ್ರ ಮತ್ತು ಪಗಾರ, ಅಷ್ಟೇ. ಮೊದಲ ವಾರಗಳಲ್ಲಿ ಓಡಿಬರಬೇಕೆನಿಸಿತ್ತು. ನಸುಕಿನಲ್ಲಿ ಓಟ, ಒಬ್ಬನ ತಪ್ಪಿಗೆ ಇಡೀ ತುಕಡಿಗೆ ಶಿಕ್ಷೆ. ಇದೆಂಥ ನ್ಯಾಯ ಎಂದುಕೊಂಡಿದ್ದ. ಬರಬರುತ್ತ ಹಿಂದೆ ಬಿದ್ದವನ ಬಂದೂಕನ್ನು ತಾನೇ ಹೊರತೊಡಗಿದ. ಲಂಗರದಲ್ಲಿ ಪಕ್ಕದವನ ಜಾತಿ ಕೇಳುವುದೇ ಮರೆತುಹೋಯಿತು. "ಊರಾಗ ನನ್ನ ಹೊಲ, ನನ್ನ ಎತ್ತು ಅಂತಿದ್ದೆ. ಅಲ್ಲಿ ನಮ್ಮವರು ಅನ್ನೋದು ಕಲಿತೆ," ಎಂದ.

ಆದರೆ ಅಲ್ಲಿ ಹುಕುಂ ನಡೆಯುತ್ತದೆ, ಊರಿನಲ್ಲಿ ನಡೆಯದು. ಗದರಿದರೆ ಕೊಚ್ಚೆ ಹೋಗುವುದಿಲ್ಲ, ಸಲಿಕೆ ಹಿಡಿಯಬೇಕು. ಇದನ್ನೂ ಅವನಿಗೆ ಹೇಳಿದೆ. ನಕ್ಕ, ಮಾರನೆಯ ದಿನ ಹಿಡಿದ.

ಈಗ ನಿಜವಾದ ಗಂಟು. ಈ ಹುಡುಗ ಅಗ್ನಿವೀರ. 2022ರ ಅಗ್ನಿಪಥ ಯೋಜನೆಯಂತೆ ಸೇವೆ 4 ವರ್ಷ. ಒಂದು ತಂಡದಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿಗೆ ಮುಂದುವರಿಯುವ ಅವಕಾಶ. ಉಳಿದವರು ಊರಿಗೆ ಬರುವವರೇ. ಮೊದಲ ವರ್ಷದ ತಿಂಗಳ ಸಂಬಳ 30,000 ರೂಪಾಯಿಯಲ್ಲಿ 9,000 ಸೇವಾ ನಿಧಿಗೆ ಹೋಗುತ್ತದೆ. ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ಕೈಗೆ ಬರುತ್ತದೆ. ಪಿಂಚಣಿ ಇಲ್ಲ.

ಆ ಹಣ ಬರುವ ಮೊದಲೇ ಮನೆಯಲ್ಲಿ ಹಂಚಿಕೆಯಾಗಿದೆ! ತಂದೆಗೆ ಮಗಳ ಮದುವೆ, ಅಣ್ಣನಿಗೆ ಟ್ರ್ಯಾಕ್ಟರು. ದುಡಿಯುವವನನ್ನು ಯಾರೂ ಕೇಳಿಲ್ಲ. ಅವನ ಯೋಚನೆಯೇ ಬೇರೆ: ಬದುವಿನ ಜಗಳದಿಂದ ಮಾತು ಬಿಟ್ಟ ದೊಡ್ಡಪ್ಪನ ಮಕ್ಕಳೊಡನೆ ಸೇರಿ ಪಾಲಿನ ಬಾವಿಯ ಹೂಳೆತ್ತಿ, ಎರಡೂ ಹೊಲಗಳಿಗೆ ಹನಿ ನೀರಾವರಿ ಮಾಡುವುದು. ತಂದೆಗೆ ಇದು ಹಿಡಿಸಿಲ್ಲ. ನನಗೆ ಹಿಡಿಸಿದೆ. ಎರಡು ಮನೆಯವರು ಬೇರೆಬೇರೆ ಕೊಳವೆಬಾವಿ ಕೊರೆಸಿ ಸಾಲಗಾರರಾಗುವುದಕ್ಕಿಂತ ಇದು ಎಷ್ಟೋ ಲೇಸು. ಮದುವೆಯ ಖರ್ಚನ್ನೂ ಹುಡುಗ ಅಲ್ಲಗಳೆದಿಲ್ಲ. ಸಾಲ ತೆಗೆದು ಮೆರವಣಿಗೆ ಬೇಡ ಎಂದಿದ್ದಾನೆ.

ನಿಮ್ಮ ಮನೆಯ ಹುಡುಗ ರಜೆಗೆ ಬಂದಿದ್ದರೆ, ಅವನು ರೈಲು ಹತ್ತುವ ಮೊದಲು ಒಂದು ಸಂಜೆ ಪಹಣಿ, ಸಾಲದ ಪುಸ್ತಕ ಮುಂದಿಟ್ಟುಕೊಂಡು ಅವನೊಡನೆ ಕುಳಿತುಕೊಳ್ಳಿ. ಹನಿ ನೀರಾವರಿಯ ಸಹಾಯಧನದ ಅರ್ಜಿ ಬರೆಯುವುದಿದ್ದರೆ ನನಗೆ ಹೇಳಿಕಳಿಸಿ, ಮನೆಗೇ ಬರುತ್ತೇನೆ.