ಎಣ್ಣೆ ಬಿದ್ದ ನೀರು, ನೀತಿಯ ಲೆಕ್ಕ



ನೀತಿಸಿದ್ಧಾಂತಗಳನ್ನು ಪರಿಚಯಿಸಲು ಗ್ರಂಥಾಲಯಕ್ಕಿಂತ ಚೆನ್ನೈನ ತಿರುವೊಟ್ಟಿಯೂರು ವಲಯವೇ ತಕ್ಕ ಸ್ಥಳ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆನೀರಿನೊಡನೆ ಮಣಲಿ ಕೈಗಾರಿಕಾ ಪ್ರದೇಶದ ಎಣ್ಣೆಯು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರಿನ ಅಳಿವೆಯನ್ನು ಸೇರಿತು. ದೋಣಿ, ಬಲೆಗಳು ಕಪ್ಪಾದವು, ಮೀನುಗಾರಿಕೆ ನಿಂತಿತು. ತಮಿಳುನಾಡು ಸರ್ಕಾರವು 2,301 ಮೀನುಗಾರ ಕುಟುಂಬಗಳಿಗೆ ತಲಾ 12,500 ರೂಪಾಯಿ, ಇತರ 6,700 ಕುಟುಂಬಗಳಿಗೆ ತಲಾ 7,500 ರೂಪಾಯಿ, 787 ದೋಣಿಗಳಿಗೆ ತಲಾ 10,000 ರೂಪಾಯಿ ಘೋಷಿಸಿತು. ಒಟ್ಟು ಸುಮಾರು 8.68 ಕೋಟಿ. ಕೂಡಿಕೆ ಸರಿಯಾಗಿದೆ. ಆದರೆ ಅಷ್ಟಕ್ಕೇ ಖಾತೆ ಮುಗಿಯಿತೇ?

ಬೆಂಥಮ್, ಮಿಲ್ ಮೊದಲಾದ ಉಪಯುಕ್ತತಾವಾದಿಗಳು ಕರ್ಮದ ಫಲವನ್ನು ತೂಗುತ್ತಾರೆ. ಇಂಧನದಿಂದ ಬಹುಜನರಿಗೆ ಸುಖ, ಕೆಲವರಿಗೆ ದುಃಖ ಎಂದು ಇಲ್ಲಿ ವಾದಿಸಬಹುದು. ಆದರೆ ಪ್ರಾಣಿಗಳ ನೋವನ್ನೂ ಗಣಿಸಬೇಕೆಂದು ಬೆಂಥಮ್ 1789ರಲ್ಲೇ ಸಾರಿದ್ದನು. ಸತ್ತ ಮೀನುಗಳಿಗೆ ಪರಿಹಾರಪಟ್ಟಿಯಲ್ಲಿ ಸಾಲಿಲ್ಲ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದೆಂಬುದು 1785ರ ಕಾಂಟ್‌ನ ನಿಲುವು. ಆ ದೃಷ್ಟಿಯಲ್ಲಿ ಮೀನುಗಾರನ ಬಾಳು ಬೇರೆಯವರ ಅನುಕೂಲಕ್ಕೆ ತೆರುವ ಬೆಲೆಯಲ್ಲ. ಅರಿಸ್ಟಾಟಲನು ಕರ್ತೃವಿನ ಶೀಲವನ್ನು ಕೇಳುತ್ತಾನೆ. ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ತಿಳಿಯದವನು ಯಾವ ನಿಯಮವನ್ನು ಒಪ್ಪುವನೆಂದು 1971ರಲ್ಲಿ ರಾಲ್ಸ್ ಕೇಳಿದನು. ಅಳಿವೆಯ ದಡದಲ್ಲಿ ತಾನೂ ಹುಟ್ಟಬಹುದೆಂದು ಎಣಿಸುವವನು ಸಡಿಲವಾದ ಮಾಲಿನ್ಯ ನಿಯಮವನ್ನು ಒಪ್ಪಲಾರನು.

ಇವೆಲ್ಲವೂ ಒಂದೊಂದು ನಯ. ಅನೇಕಾಂತವೆಂದರೆ ಎಲ್ಲರೂ ಸರಿಯೆಂದು ಕೈತೊಳೆದುಕೊಳ್ಳುವುದಲ್ಲ. ಎಲ್ಲ ನಯಗಳನ್ನೂ ನೋಡಿದ ಬಳಿಕ ನಿರ್ಣಯಕ್ಕೆ ಬರುವುದು. ಪ್ರಮಾದದಿಂದಾದ ಪ್ರಾಣಹಾನಿಯನ್ನೇ ತತ್ತ್ವಾರ್ಥಸೂತ್ರವು ಹಿಂಸೆಯೆಂದಿದೆ. ಆದುದರಿಂದ ‘ಬೇಕೆಂದು ಮಾಡಿದ್ದಲ್ಲ’ ಎಂಬ ಸಮಾಧಾನಕ್ಕೆ ಜೈನನೀತಿಯಲ್ಲಿ ಎಡೆಯಿಲ್ಲ. ಅದು ಇನ್ನೂ ಮುಂದೆ ಹೋಗಿ ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುತ್ತದೆ. ತಾನು ಮಾಡದಿದ್ದರೂ, ಮಾಡಿಸದಿದ್ದರೂ, ಒಪ್ಪಿ ಸುಮ್ಮನಿದ್ದವನ ಹೆಸರೂ ಆ ಲೆಕ್ಕದಲ್ಲಿದೆ.

ಸಮಾಜವು ಎದುರಿಸಬೇಕಾದ ಪ್ರಶ್ನೆ ಇದೇ. ಷೇರು, ಮ್ಯೂಚುವಲ್ ಫಂಡ್‌ಗಳಲ್ಲಿ ಹಣವಿಟ್ಟ ಜೈನ ಕುಟುಂಬಗಳು ಲಾಭಾಂಶವನ್ನು ನೋಡುತ್ತವೆ. ಅದು ಯಾವ ನೀರನ್ನು ಹಾದು ಬಂದಿತೆಂದು ವಿಚಾರಿಸುವುದು ವಿರಳ. ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಷೇರುದಾರನಿಗಿದೆ. ಮತ ಕೇಳಲು ಬಂದವರನ್ನು ಪ್ರಶ್ನಿಸುವ ಹಕ್ಕು ಪ್ರಜೆಗಿದೆ. ಎರಡನ್ನೂ ಬಳಸದ ಮೌನವು ಅನುಮೋದನೆಯೇ.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ಸೂಕ್ಷ್ಮಜೀವಿಗಳ ಮೇಲಿನ ದಯೆಯಿಂದ. ಎಣ್ಣೂರಿನ ನೀರೂ ಆ ದಯೆಯ ಎಲ್ಲೆಯೊಳಗೇ ಇದೆ.

ಜೈ ಜಿನೇಂದ್ರ.